ಯಾರ ಹಿಂದೆ ಉಳಿದದ್ದು?

ಕಳೆದ ಜೂನ್ ತಿಂಗಳಲ್ಲಿ ತಂಗಿಯ ಮಗ ಸಿಇಟಿ ಸೀಟಿಗೆ ಬೇಕಾದ ಕಾಗದಪತ್ರಗಳನ್ನು ಜೋಡಿಸಿಕೊಳ್ಳುತ್ತಿದ್ದಾಗ ನಾನೂ ಊರಿನಲ್ಲಿದ್ದೆ. ನಮ್ಮದು ರಾಯಚೂರು ಜಿಲ್ಲೆಯ ದೇವದುರ್ಗ ತಾಲೂಕಿನ ಒಂದು ಸಣ್ಣ ಹಳ್ಳಿ. ತಂಗಿಯನ್ನು ಊರಿನಲ್ಲೇ ಕೊಟ್ಟಿದೆ. ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ವ್ಯಾಸಂಗ ಪ್ರಮಾಣಪತ್ರಗಳ ಜೊತೆಗೆ ಸಂವಿಧಾನದ ಪ್ರಕಾರ ನಮ್ಮ ಭಾಗದವರಿಗಿರುವ ಮೀಸಲಾತಿಗೆ ಬೇಕಾದ 371ಜೆ ಪ್ರಮಾಣಪತ್ರವೂ ಅವನಿಗೆ ಬೇಕಾಗಿತ್ತು. ಅದಕ್ಕಾಗಿ ಕಚೇರಿಗೆ ಎರಡು ದಿನ ಅಲೆದು, ಮೂರನೆಯ ದಿನ ಸಂಜೆ ಬಸ್ಸಿಳಿದು ಮನೆಗೆ ಬಂದವನು ಕಟ್ಟೆಯ ಮೇಲೆ ಕೂತು ಒಂದು ಚೊಂಬು ನೀರು ಕುಡಿದು ಕೇಳಿದ: "ಮಾಮಾ, ನಮ್ದು ಹಿಂದುಳಿದ ಭಾಗ ಅಂತ ಹೇಳಿ ಇದನ್ನ ಕೊಡ್ತಾರಂತ. ನಾವು ಯಾರ ಹಿಂದ ಉಳದೀವಿ?"

ಹುಡುಗ ಕೊಂಕು ತೆಗೆಯಲು ಕೇಳಿದ ಮಾತಲ್ಲ ಅದು. ಸಾಲಿನಲ್ಲಿ ನಿಂತಿದ್ದಾಗ ಯಾರೋ ಹೇಳಿದ್ದನ್ನು ಕೇಳಿಸಿಕೊಂಡು ಬಂದಿದ್ದ, ಅರ್ಥವಾಗದ್ದನ್ನು ಕೇಳಿದ, ಅಷ್ಟೇ. ಆದರೆ ನಾನು ಹದಿನೈದು ವರ್ಷಗಳಿಂದ ಬೆಂಗಳೂರಿನ ಪದವಿಪೂರ್ವ ಕಾಲೇಜೊಂದರಲ್ಲಿ ಕನ್ನಡ ಹೇಳಿಕೊಡುವವನು. 'ಹಿಂದು' ಮತ್ತು 'ಉಳಿದ' ಸೇರಿ 'ಹಿಂದುಳಿದ' ಆಗುತ್ತದೆ, ಇದು ಲೋಪಸಂಧಿ ಎಂದು ಎಷ್ಟು ಸಲ ಕಪ್ಪುಹಲಗೆಯ ಮೇಲೆ ಬರೆದಿದ್ದೇನೋ ಲೆಕ್ಕವಿಲ್ಲ. ಆ ಪದದಲ್ಲಿ 'ಯಾರ' ಎಂಬ ಪ್ರಶ್ನೆಗೆ ಜಾಗವಿದೆ, ಆ ಜಾಗ ಖಾಲಿ ಇದೆ ಎಂಬುದು ಒಮ್ಮೆಯೂ ನನಗೆ ಹೊಳೆದಿರಲಿಲ್ಲ. "ಅದು ಸರ್ಕಾರದ ಲೆಕ್ಕ ಅದಪ್ಪಾ" ಎಂದು ಹೇಳಿ ಸುಮ್ಮನಾದೆ. ಅವನಿಗೂ ಸಮಾಧಾನವಾಗಲಿಲ್ಲ, ನನಗೂ ಆಗಲಿಲ್ಲ. ಬೆಂಗಳೂರಿಗೆ ಮರಳಿದ ಮೇಲೆ ನಿಘಂಟುಗಳನ್ನು ತೆಗೆದು ಕೂತದ್ದು ಆ ಅಸಮಾಧಾನದಿಂದಲೇ.

ಉಳಿಯುವುದು ಮತ್ತು ಹರಿಯುವುದು

'ಹಿಂದೆ' ಎಂಬುದು ಹಳಗನ್ನಡದ 'ಪಿಂದೆ'. ಪಕಾರ ಹಕಾರವಾದ ದೊಡ್ಡ ಬದಲಾವಣೆಯಲ್ಲಿ ಪಾಲು ಹಾಲಾದಂತೆ, ಪೂವು ಹೂವಾದಂತೆ ಇದೂ ಬದಲಾಯಿತು. ತಮಿಳಿನ 'ಪಿನ್' ಇದರ ಒಡಹುಟ್ಟು. ಮೂಲದಲ್ಲಿ ಇದು ಬೆನ್ನಿನ ಕಡೆಯ ಜಾಗವನ್ನು ಹೇಳುವ ಪದ. ಅದರಲ್ಲಿ ಕೀಳರಿಮೆಯ ಎಳೆಯೂ ಇಲ್ಲ. ಕನ್ನಡದಲ್ಲಿ ಕಳೆದ ಕಾಲವೂ ಹಿಂದೆಯೇ ಇರುತ್ತದೆ: ಹಿಂದೆ ಒಬ್ಬ ರಾಜನಿದ್ದ ಎಂದೇ ಕಥೆ ಶುರುವಾಗುವುದು. 'ಹಿಂದಿನವರು' ಎಂದರೆ ಹಿರಿಯರು. ಅವರ ಮಾತಿಗೆ ತೂಕವಿದೆ. ಒಬ್ಬನಿಗೆ ಹಿಂದೆ ಮುಂದೆ ಯಾರೂ ಇಲ್ಲ ಎಂದರೆ ಅವನು ಅನಾಥ. ಹಿಂದೆ ಜನವಿರುವುದು ಬಲ. ಹೀಗೆ ಗೌರವ, ನೆನಪು, ಆಸರೆಗಳನ್ನೆಲ್ಲ ಹೊತ್ತಿರುವ ಪದದ ಮುಂದೆ 'ಉಳಿ' ಎಂಬ ಧಾತು ಬಂದು ಕೂತ ಕೂಡಲೇ ಅದು ಇಡೀ ಒಂದು ಪ್ರದೇಶದ ಕುಂದನ್ನು ಹೇಳುವ ಮಾತಾಗಿಬಿಡುತ್ತದೆ.

ಹಾಗಾದರೆ ತಪ್ಪು 'ಉಳಿ'ಯದೇ ಎಂದು ನೋಡಿದರೆ, ಅದೂ ಒಳ್ಳೆಯ ಮನೆತನದ ಪದವೇ. ಜೀವ ಉಳಿಯುತ್ತದೆ, ಮಾನ ಉಳಿಯುತ್ತದೆ, ಕೊಟ್ಟ ಮಾತನ್ನು ಉಳಿಸಿಕೊಳ್ಳುತ್ತೇವೆ, ಉಳಿತಾಯ ಮಾಡುತ್ತೇವೆ. ಹಳಗನ್ನಡದಲ್ಲಿ ಇದನ್ನು ಈಗ ಬಳಕೆಯಲ್ಲಿಲ್ಲದ ೞಕಾರದಿಂದ 'ಉೞಿ' ಎಂದು ಬರೆಯುತ್ತಿದ್ದರು. ಆಗ ಅದಕ್ಕೆ ಎರಡು ಮುಖಗಳಿದ್ದವು: ಮಿಗುವುದು ಒಂದು, ಬಿಡುವುದು ಇನ್ನೊಂದು. ಬಿಡುವುದು ಎಂಬ ಆ ಎರಡನೆಯ ಅರ್ಥ ಪೂರ್ತಿ ಸತ್ತಿಲ್ಲ. 'ಅದನ್ನುಳಿದು ಬೇರೆ ಏನಾದರೂ ಕೇಳು' ಎಂದು ನಾವು ಇಂದಿಗೂ ಹೇಳುತ್ತೇವೆ. ಅಲ್ಲಿ ಉಳಿಯುವುದೆಂದರೆ ಬಿಡುವುದೇ. ಒಂದೇ ಧಾತು, ಬಿಟ್ಟು ಹೋಗುವವನನ್ನೂ ಹೇಳುತ್ತಿತ್ತು, ಬಿಟ್ಟುಹೋದ ಮೇಲೆ ಅಲ್ಲೇ ಮಿಕ್ಕವನನ್ನೂ ಹೇಳುತ್ತಿತ್ತು. 'ಹಿಂದುಳಿದ' ಎಂಬಲ್ಲಿಗೆ ಬರುವ ಹೊತ್ತಿಗೆ ಬಿಟ್ಟು ಹೋದವನು ಪದದಿಂದ ಜಾರಿಕೊಂಡಿದ್ದಾನೆ, ಮಿಕ್ಕವನೊಬ್ಬನೇ ನಿಂತಿದ್ದಾನೆ.

ಇದಕ್ಕೆ ಎದುರಾಗಿ ನಿಲ್ಲಿಸುವ 'ಮುಂದುವರಿದ' ಎಂಬ ಪದವನ್ನೂ ಬಿಡಿಸಿ ನೋಡಬೇಕು. ಅದರಲ್ಲಿರುವ 'ವರಿ' ಹಳಗನ್ನಡದ 'ಪರಿ'. ಓಡು, ಹರಿ ಎಂದು ಅದರ ಅರ್ಥ. ಸಮಾಸದ ನಡುವೆ ಸಿಕ್ಕಿಕೊಂಡದ್ದರಿಂದ ಅದರ ಪಕಾರ ಹಕಾರವಾಗದೆ, ವಕಾರವಾಗಿ ನಿಂತಿತು. ಅಂದರೆ ಮುಂದುವರಿದವನು ಹರಿದು ಹೋದವನು, ಹಿಂದುಳಿದವನು ಇದ್ದಲ್ಲೇ ಮಿಕ್ಕವನು. ಹೊಳೆಯಲ್ಲಿ ನೀರು ಹರಿಯುತ್ತದೆ, ದಂಡೆ ಉಳಿಯುತ್ತದೆ. ದಂಡೆ ಸೋಮಾರಿಯಾದ್ದರಿಂದ ಉಳಿಯಿತು ಎಂದು ಯಾರೂ ಹೇಳುವುದಿಲ್ಲ. ಆದರೆ ಈ ಪದವನ್ನು ಮನುಷ್ಯರಿಗೆ ಹಚ್ಚಿದಾಗ ನಾವು ಹೆಚ್ಚೂಕಡಿಮೆ ಹಾಗೆಯೇ ಹೇಳುತ್ತಿರುತ್ತೇವೆ.

ನೆರೆಹೊರೆಯ ಭಾಷೆಗಳು ಇದೇ ವಿಚಾರವನ್ನು ಹೇಗೆ ಹೇಳುತ್ತವೆ ಎಂದು ನೋಡಿದಾಗ ನನಗೆ ಬಹಳ ಹೊತ್ತು ಪುಸ್ತಕ ಮುಚ್ಚಿಡಲಾಗಲಿಲ್ಲ. ನಮ್ಮ ಜಿಲ್ಲೆಯ ಗಡಿಯಾಚೆಗಿನ ತೆಲುಗರು 'ವೆನುಕಬಡಿನ' ಎನ್ನುತ್ತಾರೆ, ಹಿಂದೆ ಬಿದ್ದ ಎಂದು. ತಮಿಳುನಾಡಿನ ಸರ್ಕಾರಿ ಕಾಗದಗಳಲ್ಲಿ ಹಿಂದುಳಿದ ವರ್ಗದವರಿಗೆ 'ಪಿರ್ಪಡುತ್ತಪ್ಪಟ್ಟೋರ್' ಎನ್ನುತ್ತಾರೆ. ಹಾಗೆಂದರೆ ಹಿಂದುಳಿದವರು ಎಂದಲ್ಲ, ಹಿಂದಕ್ಕೆ ಹಾಕಲ್ಪಟ್ಟವರು ಎಂದು. ಒಂದೇ ಸ್ಥಿತಿಗೆ ತೆಲುಗು ಬೀಳುವ ಕ್ರಿಯಾಪದವನ್ನು ಕೊಟ್ಟಿತು, ಕನ್ನಡ ಉಳಿಯುವ ಕ್ರಿಯಾಪದವನ್ನು ಕೊಟ್ಟಿತು, ತಮಿಳು ಮಾತ್ರ ಇದನ್ನು ಮಾಡಿದವರು ಯಾರೋ ಇದ್ದಾರೆ ಎಂಬುದನ್ನು ಪ್ರತ್ಯಯದಲ್ಲೇ ಕಟ್ಟಿಕೊಟ್ಟಿತು. ಕನ್ನಡದಲ್ಲಿಯೂ 'ಹಿಂದುಳಿಸಲ್ಪಟ್ಟ' ಎಂದು ಬರೆಯುವವರಿದ್ದಾರೆ. ಆ ಪದ ನಾಲಿಗೆಗೆ ಒಗ್ಗುವುದಿಲ್ಲ, ಕರ್ಮಣಿ ಪ್ರಯೋಗ ನಮ್ಮ ಆಡುಮಾತಿನ ಜಾಯಮಾನವಲ್ಲ ಎಂದು ಕನ್ನಡ ಮೇಷ್ಟರಾಗಿ ನಾನೇ ಅದನ್ನು ಕೆಂಪು ಶಾಯಿಯಲ್ಲಿ ತಿದ್ದಿದ್ದೇನೆ. ಈಗ ಹಾಗೆ ತಿದ್ದಲು ಕೈ ಬರುವುದಿಲ್ಲ.

ಕಚೇರಿಗೆ ಬಂದ ಪದ

ಈ ಪದದ ಸಾರ್ವಜನಿಕ ಬದುಕು ಆರಂಭವಾದದ್ದು ನಮ್ಮ ಕಡೆಯಲ್ಲಲ್ಲ, ಹಳೆಯ ಮೈಸೂರು ಸಂಸ್ಥಾನದಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶರಾಗಿದ್ದ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿದರು. ಬ್ರಾಹ್ಮಣರನ್ನುಳಿದು, ಸರ್ಕಾರಿ ಸೇವೆಯಲ್ಲಿ ಸಾಕಷ್ಟು ಪ್ರಾತಿನಿಧ್ಯವಿಲ್ಲದ ಸಮುದಾಯಗಳೆಲ್ಲ ಹಿಂದುಳಿದವು ಎಂಬುದು ಆ ಕಾಲದ ತಿಳಿವಳಿಕೆ. ಇದರ ಮುಂದಿನ ಚರ್ಚೆ, ರಾಜ್ಯದ ಹಿಂದುಳಿದ ವರ್ಗಗಳನ್ನು ಗುರುತಿಸಿದ 1975ರ ಹಾವನೂರು ಆಯೋಗದ ವರದಿಯವರೆಗಿನ ಕಥೆ ಓದುಗರಿಗೆ ಗೊತ್ತೇ ಇದೆ. ನನ್ನ ಗಮನ ಸೆಳೆದದ್ದು ಮಿಲ್ಲರ್ ಕಾಲದ ಆ ವ್ಯಾಖ್ಯೆಯ ನೇರತನ. ಅಲ್ಲಿ 'ಯಾರ ಹಿಂದೆ' ಎಂಬುದಕ್ಕೆ ಉತ್ತರವಿತ್ತು, 'ಯಾವುದರಲ್ಲಿ ಹಿಂದೆ' ಎಂಬುದಕ್ಕೂ ಉತ್ತರವಿತ್ತು. ಸರ್ಕಾರಿ ಹುದ್ದೆಯಲ್ಲಿ ಹಿಂದೆ, ಅಷ್ಟೇ; ಬುದ್ಧಿಯಲ್ಲಲ್ಲ, ಸಂಸ್ಕೃತಿಯಲ್ಲಲ್ಲ.

ಜನರಿಗೆ ಹೇಳುತ್ತಿದ್ದ ಪದ ನೆಲಕ್ಕೆ ಅಂಟಿಕೊಂಡದ್ದು ಆಮೇಲೆ. ಪ್ರಪಂಚದ ಮಟ್ಟದಲ್ಲಿ ಅದು ಒಂದೇ ದಿನದಲ್ಲಿ ನಡೆಯಿತು ಎನ್ನಬಹುದು: 1949ರ ಜನವರಿ 20ರಂದು ಅಮೆರಿಕದ ಅಧ್ಯಕ್ಷ ಟ್ರೂಮನ್ ಪ್ರಮಾಣವಚನ ಸ್ವೀಕರಿಸಿ ಮಾಡಿದ ಭಾಷಣದಲ್ಲಿ 'ಅಂಡರ್‌ಡೆವಲಪ್ಡ್' ಪ್ರದೇಶಗಳ ಮಾತೆತ್ತಿದರು, ಆ ಪದ ಅದಕ್ಕೂ ಮೊದಲೇ ಇತ್ತು, ಆದರೆ ಭೂಮಿಯ ಬಹುಪಾಲು ಜನರ ಗುರುತಾಗಿ ಅದು ಸುತ್ತಾಡಲು ತೊಡಗಿದ್ದು ಅಲ್ಲಿಂದ. ಮುಂದೆ ಅದು ಕಿವಿಗೆ ಒರಟಾಯಿತೆಂದು 'ಅಭಿವೃದ್ಧಿಶೀಲ' ಎಂಬ ಮೆತ್ತನೆಯ ಮಾತು ಬಂತು. ವೃದ್ಧಿ ಎಂದರೆ ಬೆಳೆಯುವುದು. ಚಕ್ರವೃದ್ಧಿ, ವೃದ್ಧ ಎಂಬ ಪದಗಳೂ ಅದೇ ಧಾತುವಿನಿಂದ ಬಂದವು. ಸಾಲವೂ ಬೆಳೆಯುತ್ತದೆ, ವಯಸ್ಸೂ ಬೆಳೆಯುತ್ತದೆ. ಏನು ಬೆಳೆದರೆ ಅಭಿವೃದ್ಧಿ ಎಂಬುದನ್ನು ಪದ ತಾನಾಗಿ ಹೇಳುವುದಿಲ್ಲ. ಅದನ್ನು ಅಳೆಯುವವರು ಹೇಳಬೇಕು.

ನಮ್ಮನ್ನು ಅಳೆದದ್ದು ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪ ಅವರ ಸಮಿತಿ. 2002ರಲ್ಲಿ ವರದಿ ಬಂದಾಗ ನಾನು ಪಿಯುಸಿ ಓದುತ್ತಿದ್ದೆ. ಆಗಿದ್ದ 175 ತಾಲೂಕುಗಳನ್ನು 35 ಸೂಚ್ಯಂಕಗಳಿಂದ ಅಳೆದು, ರಾಜ್ಯದ ಸರಾಸರಿಯನ್ನು 1 ಎಂದು ಇಟ್ಟುಕೊಂಡು, ಅದಕ್ಕಿಂತ ಕೆಳಗಿದ್ದ 114 ತಾಲೂಕುಗಳನ್ನು ಹಿಂದುಳಿದ, ಅತಿ ಹಿಂದುಳಿದ, ಅತ್ಯಂತ ಹಿಂದುಳಿದ ಎಂದು ಮೂರು ಪಂಗಡ ಮಾಡಿದ್ದರು. 0.53ರಿಂದ 0.79ರವರೆಗಿನ 39 ತಾಲೂಕುಗಳು ಅತ್ಯಂತ ಹಿಂದುಳಿದವು. ಅವುಗಳಲ್ಲಿ 21 ಗುಲ್ಬರ್ಗ ವಿಭಾಗದವು. ದೇವದುರ್ಗ ಅವುಗಳಲ್ಲಿ ಒಂದು. ಈ ಅಳತೆಯ ಬಗ್ಗೆ ನನ್ನ ದೂರಿಲ್ಲ. ಹಾಗೆ ಅಳೆಯದೆ ಹೋಗಿದ್ದರೆ ನಮ್ಮ ಕಡೆಯ ಆಸ್ಪತ್ರೆ, ಶಾಲೆ, ರಸ್ತೆಗಳ ಕೊರತೆ ವಿಧಾನಸಭೆಯಲ್ಲಿ ಬರೀ ಗೋಳಾಗಿಯೇ ಉಳಿಯುತ್ತಿತ್ತು. ಸಂವಿಧಾನಕ್ಕೆ 371ಜೆ ವಿಧಿ ಸೇರುವುದಕ್ಕೂ ಹತ್ತು ವರ್ಷ ಮೊದಲು ನಮ್ಮ ಪರವಾಗಿ ಅಂಕಿಅಂಶ ಹಿಡಿದು ಮಾತಾಡಿದ ವರದಿ ಅದು. ಆದರೂ ಸರಾಸರಿ ಎಂಬುದರ ಸ್ವಭಾವವನ್ನು ಮರೆಯಬಾರದು: ಎಲ್ಲರೂ ಒಂದೇ ಸಮನಾಗಿದ್ದರೆ ಬೇರೆ ಮಾತು, ಇಲ್ಲವಾದರೆ ಸರಾಸರಿಯ ಕೆಳಗೆ ಯಾರಾದರೂ ಇರಲೇಬೇಕು. ಆ ವರದಿ ಒಂದು ತಾಲೂಕು ಇನ್ನೊಂದರಿಂದ ಎಷ್ಟು ದೂರ ನಿಂತಿದೆ ಎಂದು ಹೇಳಿತ್ತು. ಪತ್ರಿಕೆಯಿಂದ ಬಾಯಿಗೆ, ಬಾಯಿಂದ ಬಾಯಿಗೆ ದಾಟುವ ಹೊತ್ತಿಗೆ ಆ ದೂರ ಹೋಗಿ ವಿಶೇಷಣವೊಂದೇ ಉಳಿಯಿತು, ತಾಲೂಕಿಗಿದ್ದ ವಿಶೇಷಣ ತಾಲೂಕಿನ ಜನರಿಗಾಯಿತು.

ಇದು ನನ್ನ ಊಹೆಯಲ್ಲ. ಪದವಿಗೆಂದು ಬೆಂಗಳೂರಿಗೆ ಬಂದ ಮೊದಲ ವಾರ, ತರಗತಿಯಲ್ಲಿ ಎಲ್ಲರೂ ಎದ್ದು ನಿಂತು ಹೆಸರು, ಊರು ಹೇಳುತ್ತಿದ್ದೆವು. ನನ್ನ ಸರದಿ ಬಂದು ರಾಯಚೂರು ಜಿಲ್ಲೆ, ದೇವದುರ್ಗ ತಾಲೂಕು ಎಂದಾಗ ಅಧ್ಯಾಪಕರು ತಲೆಯೆತ್ತಿ ನೋಡಿ, "ಅದು ಬಹಳ ಹಿಂದುಳಿದ ಕಡೆ ಅಲ್ಲವೇನಪ್ಪ? ಮುಂದೆ ಬಾ, ಮೊದಲನೇ ಬೆಂಚಿನಲ್ಲಿ ಕೂತ್ಕೋ" ಎಂದರು. ಅವರ ಮನಸ್ಸಿನಲ್ಲಿ ಕರುಣೆಯೇ ಇತ್ತು, ಆ ವರ್ಷವೆಲ್ಲ ಅವರು ನನ್ನನ್ನು ಅಕ್ಕರೆಯಿಂದಲೇ ನೋಡಿಕೊಂಡರು. ಆದರೆ ಹಿಂದಿನಿಂದ ನಾಲ್ಕನೆಯ ಬೆಂಚಿನಿಂದ ಚೀಲ ಎತ್ತಿಕೊಂಡು, ಅರವತ್ತು ಜನರ ನಡುವೆ ನಡೆದು ಮುಂದಿನ ಬೆಂಚಿಗೆ ಬರುವಾಗ ನನ್ನ ಹೊಸ ಚಪ್ಪಲಿ ಮಾಡುತ್ತಿದ್ದ ಸದ್ದು ಇಪ್ಪತ್ತು ವರ್ಷಗಳ ನಂತರವೂ ಕಿವಿಯಲ್ಲಿದೆ. ಆ ಮೂರು ವರ್ಷ ನಾನು ತರಗತಿಯಲ್ಲಿ ಬಾಯಿಬಿಟ್ಟು ಒಂದು ಪ್ರಶ್ನೆ ಕೇಳಲಿಲ್ಲ. 'ಅದ' ಎನ್ನುವಲ್ಲಿ 'ಇದೆ' ಎನ್ನುವುದನ್ನು ಅಭ್ಯಾಸ ಮಾಡಿಕೊಂಡದ್ದು ಆಗಲೇ.

ಹರಿದು ಹೋದವುಗಳು

ಮುಂದುವರಿಯುವುದೆಂದರೆ ಹರಿಯುವುದು ಎಂದಾದರೆ, ನಮ್ಮ ಕಡೆಯಿಂದ ಹರಿದು ಹೋದದ್ದು ಕಡಿಮೆಯೇನಲ್ಲ. ಪಕ್ಕದ ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಚಿನ್ನ ತೆಗೆಯುತ್ತಾರೆ. 2001ರಲ್ಲಿ ಕೋಲಾರದ ಗಣಿ ಮುಚ್ಚಿದ ಮೇಲೆ ದೇಶದ ಚಿನ್ನದ ಗಣಿ ಎಂದರೆ ಹಟ್ಟಿಯೇ ಎಂಬಂತಾಯಿತು. ಕೃಷ್ಣಾ ದಂಡೆಯ ಶಕ್ತಿನಗರದಲ್ಲಿ 1985ರಿಂದ ವಿದ್ಯುತ್ ಉತ್ಪಾದನೆಯಾಗುತ್ತಿದೆ. ಎಂಟು ಘಟಕಗಳು ಸೇರಿ 1,720 ಮೆಗಾವ್ಯಾಟ್. ಕರೆಂಟ್ ಇಲ್ಲದ ರಾತ್ರಿಗಳಲ್ಲಿ ಚಿಮಣಿ ಎಣ್ಣೆಯ ಬುಡ್ಡಿ ಇಟ್ಟುಕೊಂಡು ಹತ್ತನೆಯ ತರಗತಿ ಪರೀಕ್ಷೆಗೆ ಓದಿದ ನಾನು, ಬೆಂಗಳೂರಿನ ಬೀದಿದೀಪಗಳನ್ನು ಮೊದಲ ಸಲ ನೋಡಿದಾಗ ಇದರಲ್ಲಿ ನಮ್ಮ ಜಿಲ್ಲೆಯ ಪಾಲೆಷ್ಟು ಎಂದು ಯೋಚಿಸಿದ್ದುಂಟು.

ಇನ್ನೂ ಹಿಂದಕ್ಕೆ ಹೋಗುವುದಾದರೆ, ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ ಕವಿರಾಜಮಾರ್ಗ ಒಂಬತ್ತನೆಯ ಶತಮಾನದಲ್ಲಿ ರೂಪುಗೊಂಡದ್ದು ಇದೇ ಸೀಮೆಯ ಮಳಖೇಡದಿಂದ ಆಳುತ್ತಿದ್ದ ರಾಷ್ಟ್ರಕೂಟ ದೊರೆ ನೃಪತುಂಗನ ಆಸ್ಥಾನದಲ್ಲಿ. ಈ ನಾಡಿನ ಜನ 'ಕುರಿತೋದದೆಯುಂ', ಅಂದರೆ ಉದ್ದೇಶವಿಟ್ಟು ಓದದಿದ್ದರೂ, ಕಾವ್ಯದಲ್ಲಿ ಪರಿಣತರು ಎಂದು ಅದರಲ್ಲಿದೆ. ಸಾಕ್ಷರತೆಯೂ ಒಂದು ಸೂಚ್ಯಂಕವಾಗುವ ಕಾಲದಲ್ಲಿ ಈ ಮಾತು ಬೇರೆಯೇ ರೀತಿ ಕೇಳಿಸುತ್ತದೆ. ಆದರೆ ಇದನ್ನು ಸಮಾಧಾನಕ್ಕೆಂದು ನಾನು ಹೇಳುತ್ತಿಲ್ಲ. ನನ್ನ ಅಜ್ಜಿಗೆ ನೂರಾರು ಬೀಸುಕಲ್ಲಿನ ಪದಗಳು ಬಾಯಿಗೆ ಬರುತ್ತಿದ್ದವು ನಿಜ; ಸಾಲದ ಪತ್ರದ ಮೇಲೆ ಏನು ಬರೆದಿದೆ ಎಂದು ತಿಳಿಯದೆ ಹೆಬ್ಬೆಟ್ಟು ಒತ್ತಿದ್ದೂ ನಿಜ. ಓದು ಬಾರದ್ದರಿಂದ ಆದ ನಷ್ಟ ನಷ್ಟವೇ. 2019ರಲ್ಲಿ ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವಾಯಿತು. ಹೆಸರು ಬದಲಾದದ್ದು ನನಗೆ ಸಂತೋಷವನ್ನೇ ಕೊಟ್ಟಿತು. ಆದರೆ ಹೆಸರಿನ ಹಿಂದಿನ ವಿಶೇಷಣ ಇದ್ದಲ್ಲೇ ಇದೆ.

ಎಲ್ಲಕ್ಕಿಂತ ಹೆಚ್ಚಾಗಿ ಹರಿದು ಹೋಗುತ್ತಿರುವುದು ಜನ. ನಮ್ಮ ಕಡೆ ಇದಕ್ಕೆ ಗುಳೆ ಹೋಗುವುದು ಎನ್ನುತ್ತಾರೆ. ಸುಗ್ಗಿ ಮುಗಿದ ಮೇಲೆ ಹಾಸಿಗೆ ಸುರುಳಿ, ಪಾತ್ರೆ ಗಂಟು, ಜೋಳದ ಹಿಟ್ಟಿನ ಚೀಲ ಹೊತ್ತುಕೊಂಡು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಕಟ್ಟಡ ಏಳುವ ಜಾಗದಲ್ಲಿ ತಗಡಿನ ಶೆಡ್ಡಿನಲ್ಲಿ ಇದ್ದು, ಮುಂಗಾರು ಬಂದಾಗ ಕೆಲವರು ಮರಳುತ್ತಾರೆ, ಕೆಲವರು ಮರಳುವುದಿಲ್ಲ. ತಂಗಿಯ ಗಂಡ ಎಂಟು ವರ್ಷಗಳಿಂದ ಹೀಗೆಯೇ ಹೋಗಿ ಬರುತ್ತಿದ್ದಾನೆ. ಬೇಸಗೆಯಲ್ಲಿ ನಮ್ಮ ಓಣಿಯಲ್ಲಿ ನಡೆದರೆ ಸಾಲಾಗಿ ಐದಾರು ಮನೆಗಳಿಗೆ ಬೀಗ. ಆರನೆಯ ಮನೆಯ ಕಟ್ಟೆಯ ಮೇಲೆ ಒಬ್ಬ ಮುದುಕಿ, ಮಡಿಲಲ್ಲಿ ಮೊಮ್ಮಗ. ಹೇಗಿದ್ದೀರಿ ಎಂದರೆ, "ಮಕ್ಕಳು ಸೊಸೆದೇರು ಹೋಗ್ಯಾರಪ್ಪಾ, ನಾವು ಹಿಂದ ಉಳದೀವಿ" ಎನ್ನುತ್ತಾರೆ. ಆ ಮಾತಿನಲ್ಲಿ ಪದ ತನ್ನ ಮೊದಲ ಅರ್ಥದಲ್ಲಿಯೇ ಇದೆ. ಹೋದವರು ಯಾರು, ಯಾಕೆ ಹೋದರು, ಎಲ್ಲಿದ್ದಾರೆ ಎಂಬುದೆಲ್ಲ ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು.

ಸಾಲು

ಇದೇ ಮಾತನ್ನು ನಾನು ಮೊದಲು ಕೇಳಿದ್ದು ಇನ್ನೂ ಬಹಳ ಹಿಂದೆ, ಹೊಲದಲ್ಲಿ. ಎಂಟೋ ಒಂಬತ್ತೋ ವರ್ಷದವನಿದ್ದೆ. ಶ್ರಾವಣ ಮಾಸ, ಎರೆಹೊಲ, ಹತ್ತಿಯಲ್ಲಿ ಕಸ ತೆಗೆಯಲು ಅಜ್ಜಿ ಕೂಲಿಗೆ ಹೋಗುತ್ತಿದ್ದಳು; ಶಾಲೆಗೆ ರಜೆಯಿದ್ದ ದಿನ ನೀರಿನ ಕೊಡದ ಕಾವಲಿಗೆ ನಾನೂ ಹೋಗುತ್ತಿದ್ದೆ. ಹನ್ನೆರಡು ಹೆಣ್ಣುಮಕ್ಕಳು ಈಚೆ ಬದುವಿನಲ್ಲಿ ಒಬ್ಬೊಬ್ಬರು ಎರಡೆರಡು ಸಾಲು ಹಿಡಿದು, ಕುಕ್ಕರುಗಾಲಿನಲ್ಲಿ ಕೂತು ಕುರಪಿ ಆಡಿಸುತ್ತ ಆಚೆ ಬದುವಿನ ಕಡೆಗೆ ಸರಿಯುತ್ತಾ ಹೋಗುವರು. ಎಲ್ಲರೂ ಸರಿಸುಮಾರು ಒಂದೇ ನೇರದಲ್ಲಿ ಸರಿಯುತ್ತಿದ್ದರೂ, ಅವರಲ್ಲೊಬ್ಬಳು ಮಾತ್ರ ಪ್ರತಿ ಪಾಳಿಯಲ್ಲೂ ತಡವಾಗುತ್ತಿದ್ದಳು. ಬೇವಿನ ಮರಕ್ಕೆ ಕಟ್ಟಿದ ಜೋಲಿಯಲ್ಲಿ ಅವಳ ಕೂಸಿತ್ತು. ಅದು ಅತ್ತಾಗಲೆಲ್ಲ ಕುರಪಿಯನ್ನು ಮಣ್ಣಿಗೆ ಚುಚ್ಚಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಹೋಗಿ ಹಾಲು ಕುಡಿಸಿ ಬರುತ್ತಿದ್ದಳು. ಅಷ್ಟರಲ್ಲಿ ಉಳಿದವರು ಹತ್ತು ಹದಿನೈದು ಮಾರು ಮುಂದೆ ಹೋಗಿರುತ್ತಿದ್ದರು. ಎಲ್ಲರ ಸಾಲೂ ಕಪ್ಪಗೆ ಸ್ವಚ್ಛವಾಗಿರುವಾಗ ಅವಳ ಎರಡು ಸಾಲು ಮಾತ್ರ ಹಸಿರು ಪಟ್ಟಿಯಂತೆ ನಡುವೆ ಕಾಣುತ್ತಿತ್ತು.

ಆಚೆ ಬದು ಮುಟ್ಟಿದವರು ಎದ್ದು ನಿಂತು ಸೊಂಟ ಸರಿಮಾಡಿಕೊಂಡು ನೀರು ಕುಡಿದರು. ಹೊಲದ ಮಾಲೀಕ ದೂರದಲ್ಲಿ ನಿಂತಿದ್ದ. ಅಜ್ಜಿ ನನ್ನ ಕೈಯಿಂದ ತಂಬಿಗೆ ಇಸಿದುಕೊಂಡು ಎರಡು ಗುಟುಕು ಕುಡಿದು, "ಆಕಿ ಹಿಂದ ಉಳದಾಳ, ಕೈ ಹಚ್ಚೂಣು ಬರ್ರೇ" ಎಂದಳು. ಎಂದವಳೇ ಆ ಹೆಣ್ಣುಮಗಳ ಸಾಲಿನ ಆಚೆ ತುದಿಯಲ್ಲಿ, ಅವಳಿಗೆ ಎದುರಾಗಿ ಮುಖ ಮಾಡಿ ಕೂತು ಕುರಪಿ ಆಡಿಸತೊಡಗಿದಳು. ಇನ್ನೊಬ್ಬಳು ಬಂದು ಪಕ್ಕದ ಸಾಲು ಹಿಡಿದಳು. ಅವಳು ಆ ಕಡೆಯಿಂದ, ಇವರು ಈ ಕಡೆಯಿಂದ. ಹಸಿರು ಪಟ್ಟಿ ಎರಡೂ ತುದಿಯಿಂದ ಕರಗುತ್ತಾ ಬಂದು ನಡುವೆ ಒಂದು ಕಡೆ ಮೂವರ ಕುರಪಿಗಳೂ ಸೇರಿದವು. ಅಷ್ಟೂ ಹೊತ್ತು ಯಾರೂ ಅವಳನ್ನು ಬೇಗ ಬೇಗ ಎನ್ನಲಿಲ್ಲ. ಅವಳೂ ನಾಚಿಕೊಂಡಂತೆ ನನಗೆ ಕಾಣಲಿಲ್ಲ. "ಆಕಿಗೆ ಕೂಲಿ ಕಡಿಮಿ ಕೊಡ್ತಾರೇನು?" ಎಂದು ಸಂಜೆ ದಾರಿಯಲ್ಲಿ ಅಜ್ಜಿಯನ್ನು ಕೇಳಿದೆ. "ಕೂಸಿನ ತಾಯಿ ಅದಾಳ. ಯಾಕ ಕಡಿಮಿ ಕೊಡ್ತಾರ?" ಎಂದಳು.

ಹುಡುಗನಿಗೆ ಹೇಳಬೇಕಾಗಿದ್ದ ಉತ್ತರ ಇದರಲ್ಲಿ ಎಲ್ಲೋ ಇತ್ತು ಎಂದು ಈಗ ಅನ್ನಿಸುತ್ತದೆ. ಆ ಹೊಲದಲ್ಲಿ ಹಿಂದುಳಿಯುವುದಕ್ಕೆ ಒಂದು ಕಾರಣವಿತ್ತು, ಆ ಕಾರಣ ಜೋಲಿಯಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ತೂಗುತ್ತಿತ್ತು. ಅವಳು ಯಾರ ಹಿಂದೆ, ಎಷ್ಟು ಹಿಂದೆ ಎಂಬುದು ಎಲ್ಲರಿಗೂ ಕಾಣುತ್ತಿತ್ತು. ಅಜ್ಜಿಯ ಬಾಯಲ್ಲಿ 'ಹಿಂದ ಉಳದಾಳ' ಎಂಬುದು ಅವಳ ಬಗೆಗಿನ ಮಾತೇ ಆಗಿರಲಿಲ್ಲ. ಸಾಲು ಮುಗಿಸಿ ನೀರು ಕುಡಿಯುತ್ತಾ ನಿಂತಿದ್ದವರನ್ನು ಕರೆದ ಮಾತು ಅದು. ಅದನ್ನು ಅವನಿಗೆ ಹೇಳಬೇಕೆಂದುಕೊಂಡು ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ಮಾತು ಕೌನ್ಸೆಲಿಂಗ್, ಶುಲ್ಕ, ಹಾಸ್ಟೆಲ್ಲುಗಳ ಕಡೆಗೆ ಹೊರಳಿತು.

ಸೆಪ್ಟೆಂಬರಿನಲ್ಲಿ ಅವನಿಗೆ ಬೆಂಗಳೂರಿನಲ್ಲೇ ಸೀಟು ಸಿಕ್ಕಿತು. ರಾತ್ರಿ ಬಸ್ಸಿಗೆ ಅವನನ್ನು ಹತ್ತಿಸಿ ಬಂದ ತಂಗಿ ಫೋನ್ ಮಾಡಿದಳು. ಬಸ್ಸು ಹೊರಟಿತು, ಬೆಳಿಗ್ಗೆ ನೀನೇ ಹೋಗಿ ಇಳಿಸಿಕೋ ಎಂದು ಹೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟ ದಿನ ಅವ ಇದ್ದ. ಈಗ ನಾನೂ ಅವ್ವನೂ ಇಬ್ರೇ ಹಿಂದ ಉಳದ್ವಿ ನೋಡಣ್ಣಾ" ಎಂದಳು. ದೀಪಾವಳಿಗೆ ಬರುತ್ತೇನೆ ಎಂದೆ. ಈ ಸಲ ಹತ್ತಿ ಬಿಡಿಸಲು ಊರಲ್ಲಿ ಆಳುಗಳೇ ಇಲ್ಲ, ಬಂದರೆ ನಾಲ್ಕು ದಿನ ನಿಲ್ಲುವ ಹಾಗೆ ಬಾ ಎಂದಳು.